ಅರೆಬೆಂದದ್ದು, ಇನ್ನೂ ಬೇಯದ್ದು, ಬೆಂದೂ ಬೇಯದ್ದು: ಒಂದು ರೂಪಕದ ವಿಮರ್ಶೆ

1. ಪ್ರವೇಶ

ಕೊರಿಯನ್ ಭಾಷೆಯಲ್ಲಿ 'ಸೊಲ್ಲಿಕ್ತಾ' ಎಂಬ ಕ್ರಿಯಾಪದವೊಂದಿದೆ. ಪೂರ್ತಿ ಬೇಯದ ಅನ್ನ, ಪೂರ್ತಿ ಮಾಗದ ಹಣ್ಣು, ಪೂರ್ತಿ ರೂಪುಗೊಳ್ಳದ ವಿಚಾರ ಈ ಮೂರಕ್ಕೂ ಅದು ಸಲ್ಲುತ್ತದೆ. ಇಂಥ ಪದಗಳನ್ನು 'ಅನುವಾದಕ್ಕೆ ಒಗ್ಗದ ಪದಗಳು' ಎಂಬ ಪಟ್ಟಿಗೆ ಸೇರಿಸುವ ರೂಢಿ ಇಂದು ವ್ಯಾಪಕವಾಗಿದೆ. ಇದಕ್ಕೆ ವಿರುದ್ಧವಾದ ರೂಢಿಯೂ ಒಂದಿದೆ. ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ 'ಅರೆಬೆಂದ ವಿಚಾರ' ಎನ್ನುತ್ತೇವಾದ್ದರಿಂದ ಇದು ಮನುಷ್ಯಮಾತ್ರರ ಸಾಮಾನ್ಯ ರೂಪಕ ಎಂದು ಅದು ತೀರ್ಮಾನಿಸಿಬಿಡುತ್ತದೆ. ಈ ಎರಡೂ ನಿಲುವುಗಳು ಅವಸರದವು ಎಂಬುದು ನಮ್ಮ ವಾದ. ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಬಹುಭಾಷಿಕ ಪರಿಸರವನ್ನು ಎದುರಿಗಿಟ್ಟುಕೊಂಡು ಈ ವಾದವನ್ನು ಮಂಡಿಸುತ್ತೇವೆ. ಅಲ್ಲಿ ಈ ರೂಪಕ ನಿಘಂಟಿನ ಸಮಸ್ಯೆಯಾಗಿ ಮಾತ್ರ ಉಳಿದಿಲ್ಲ, ಮಕ್ಕಳ ನುಡಿಯ ಮೇಲೆ ಕೊಡುವ ತೀರ್ಪೂ ಆಗಿದೆ.

2. ಕೊರಿಯನ್ ಪದದ ರಚನೆ

'ಸೊಲ್ಲಿಕ್ತಾ' ಪದದಲ್ಲಿ ಎರಡು ಅಂಗಗಳಿವೆ: 'ಸೊಲ್-' ಎಂಬ ಪೂರ್ವಪ್ರತ್ಯಯ ಮತ್ತು 'ಇಕ್ತಾ' ಎಂಬ ಕ್ರಿಯೆ. ಇವು ಕೂಡುವಾಗ ನಡುವೆ ನಕಾರ ಆಗಮವಾಗಿ, ಅದು ಹಿಂದಿನ ಲಕಾರಕ್ಕೆ ಸಮೀಕರಣಗೊಳ್ಳುತ್ತದೆ. ಉಚ್ಚಾರಣೆಯಲ್ಲಿ ದ್ವಿತ್ವ ಕೇಳುವುದು ಇದರಿಂದಲೇ. 'ಇಕ್ತಾ' ಎಂಬುದು ಬೇಯುವುದು, ಮಾಗುವುದು, ಕಿಮ್ಚಿಯಂಥ ಪದಾರ್ಥ ಹುಳಿತು ಹದಕ್ಕೆ ಬರುವುದು ಎಂಬ ಮೂರು ಪ್ರಕ್ರಿಯೆಗಳನ್ನೂ ಹೇಳುತ್ತದೆ. ಇದೇ ರೂಪದ ಇನ್ನೊಂದು ಪದಕ್ಕೆ 'ಪರಿಚಿತವಾಗಿರು, ಕೈಗೆ ಒಗ್ಗಿರು' ಎಂಬ ಅರ್ಥವಿದೆ. 'ಸೊಲ್ದಾ' ಎಂಬ ಕ್ರಿಯೆ ಅನ್ನ ಬೇಯದಿರುವುದನ್ನೂ ನಿದ್ದೆ ಗಾಢವಾಗದಿರುವುದನ್ನೂ ಸೂಚಿಸುತ್ತದೆ. ಅದೇ ರೂಪದ ಗುಣವಾಚಕಕ್ಕೆ 'ಅಪರಿಚಿತ' ಎಂಬ ಅರ್ಥ. ಹೀಗೆ ಕೊರಿಯನ್ನಿನಲ್ಲಿ ಬೇಯುವಿಕೆ ಮತ್ತು ಪರಿಚಯ ಒಂದು ಕಡೆ, ಬೇಯದಿರುವಿಕೆ ಮತ್ತು ಅಪರಿಚಯ ಇನ್ನೊಂದು ಕಡೆ ಜೋಡಿಯಾಗಿ ನಿಂತಿವೆ.

'ಸೊಲ್-' ಪ್ರತ್ಯಯದ ಅರ್ಥ 'ಅರ್ಧ' ಅಲ್ಲ. ಅರ್ಧಕ್ಕೆ ಚೀನೀ ಮೂಲದ 'ಪಾನ್-' ಎಂಬ ಬೇರೆಯದೇ ಪ್ರತ್ಯಯವಿದೆ. ಹಳದಿ ಮೆತ್ತಗಿರುವಂತೆ ಬೇಯಿಸಿದ ಮೊಟ್ಟೆಗೆ 'ಪಾನ್‌ಸುಕ್' ಎನ್ನುತ್ತಾರೆ. ಅದು ಬಯಸಿ ಪಡೆದ ಹದ. 'ಸೊಲ್-' ಕೂಡಿದರೆ ಬಯಸಿದ ಹದ ತಪ್ಪಿದೆ ಎಂದು ಅರ್ಥ. ಬಟ್ಟೆ ಸರಿಯಾಗಿ ಒಣಗದಿದ್ದಾಗ, ನಿದ್ದೆಯಿಂದ ಪೂರ್ತಿ ಎಚ್ಚರವಾಗದಿದ್ದಾಗ, ಮಾತನ್ನು ಸರಿಯಾಗಿ ಕೇಳಿಸಿಕೊಳ್ಳದಿದ್ದಾಗ ಆಯಾ ಕ್ರಿಯೆಗಳಿಗೆ ಇದೇ ಪ್ರತ್ಯಯ ಹತ್ತುತ್ತದೆ. ಅಳತೆಯನ್ನು ಹೇಳುವುದು 'ಪಾನ್-'. ಕೊರತೆಯನ್ನು ಹೇಳುವುದು 'ಸೊಲ್-'.

3. ಕನ್ನಡದ ಹಂಚಿಕೆ

ಈ ಬೆಳಕಿನಲ್ಲಿ ಕನ್ನಡವನ್ನು ನೋಡಿದರೆ ಮೊದಲು ಕಾಣುವುದು 'ಅರೆ'ಯ ಅಸ್ಪಷ್ಟತೆ. ಅರೆಬಿರಿದ ಹೂವು ಚೆಲುವಿನ ಮಾತು, ಅರೆಹೊಟ್ಟೆ ಕೊರತೆಯ ಮಾತು, ಅರೆಗಣ್ಣು ಎರಡೂ ಅಲ್ಲದ ವರ್ಣನೆ. ಕೊರಿಯನ್ ಎರಡು ಪ್ರತ್ಯಯಗಳಿಗೆ ಹಂಚಿಕೊಟ್ಟದ್ದನ್ನು ಕನ್ನಡ ಒಂದೇ 'ಅರೆ'ಯಲ್ಲಿ ಹಿಡಿದಿಟ್ಟು, ನಿರ್ಣಯವನ್ನು ಸಂದರ್ಭಕ್ಕೆ ಬಿಟ್ಟಿದೆ. 'ಅರೆಬೆಂದ' ಎಂಬುದಕ್ಕೆ 'ಅರ್ಧ ಬೆಂದ' ಎಂದಷ್ಟೇ ಅರ್ಥ ಬರೆದರೆ, ಈ ಬಿಟ್ಟುಕೊಡುವಿಕೆಯೇ ನಿಘಂಟಿನಿಂದ ಮರೆಯಾಗುತ್ತದೆ.

ಎರಡನೆಯದು ಕ್ರಿಯೆಗಳ ಹಂಚಿಕೆ. ಕನ್ನಡದಲ್ಲಿ ಬೆಂಕಿಯ ಕೆಲಸಕ್ಕೆ 'ಬೇಯು', ಕಾಲದ ಕೆಲಸಕ್ಕೆ 'ಮಾಗು'. ರೂಪಕದಲ್ಲಿಯೂ ಈ ವಿಭಜನೆ ಬಹುಮಟ್ಟಿಗೆ ಉಳಿದುಬಂದಿದೆ. ನಮ್ಮಲ್ಲಿ ಚಿಂತನೆ ಮಾಗುತ್ತದೆ, ಮನುಷ್ಯ ಬೇಯುತ್ತಾನೆ. 'ನೊಂದು ಬೆಂದ ಜೀವ' ಎನ್ನುವಾಗಲೂ 'ಬೆಂದರೆ ಬೇಂದ್ರೆ' ಎಂಬ ಜನಜನಿತ ನುಡಿಯಲ್ಲೂ ಬೇಯುವುದು ವ್ಯಕ್ತಿಯೇ ಹೊರತು ವಿಚಾರವಲ್ಲ. 'ನಿನ್ನ ಬೇಳೆ ಬೇಯುವುದಿಲ್ಲ' ಎಂಬ ನುಡಿಗಟ್ಟಿನಲ್ಲಿ ಬೇಯದಿರುವುದು ಉಪಾಯ. ಅಲ್ಲಿಯ ಪ್ರಶ್ನೆ ಉಪಾಯ ಫಲಿಸಿತೋ ಇಲ್ಲವೋ ಎಂಬುದು, ಅದು ಪಕ್ವವಾಗಿತ್ತೋ ಇಲ್ಲವೋ ಎಂಬುದಲ್ಲ. ಆದ್ದರಿಂದ ಬರಹದ ಕನ್ನಡದಲ್ಲಿ ಇಂದು ಸಲೀಸಾಗಿ ಬಳಕೆಯಾಗುವ 'ಅರೆಬೆಂದ ವಿಚಾರ' ಇಂಗ್ಲಿಷ್ ನುಡಿಗಟ್ಟಿನ ಅನುಕರಣೆಯಾಗಿರುವ ಸಂಭವ ಹೆಚ್ಚು ಎಂದು ನಾವು ಭಾವಿಸುತ್ತೇವೆ. ಬೇಯುವುದು, ಮಾಗುವುದು ಎರಡನ್ನೂ ಒಂದೇ ಪದದಲ್ಲಿ ಹಿಡಿಯುವುದು ಕನ್ನಡದೊಳಗೆ ಬಂದಿರುವ ಸಂಸ್ಕೃತದ 'ಪಕ್ವ'. 'ಪಚ್' ಎಂದರೆ ಬೇಯಿಸು; 'ಪಕ್ವ' ಬೆಂದದ್ದೂ ಹೌದು, ಹಣ್ಣಾದದ್ದೂ ಹೌದು. 'ಸೊಲ್ಲಿಕ್ತಾ'ಕ್ಕೆ ಪದಕ್ಕೆ ಪದವಾಗಿ ಹತ್ತಿರದ್ದು 'ಅಪಕ್ವ'ವೇ.

ಮೂರನೆಯದು 'ಹಸಿ'. ಹಸಿರಿನ ಧಾತುವೇ ಇದರದ್ದೂ. ಹಸಿ ಮೆಣಸಿನಕಾಯಿ, ಹಸಿ ಗಾಯ, ಹಸಿ ಗೋಡೆ ಈ ಎಲ್ಲ ಬಳಕೆಗಳಲ್ಲಿ ಒಣಗದ, ಮಾಗದ, ಬೇಯದ ಸ್ಥಿತಿ ಇದೆ. ಆದರೆ 'ಹಸಿ ಸುಳ್ಳು' ಎಂಬುದು ಅಪೂರ್ಣ ಸುಳ್ಳಲ್ಲ. ಏನೂ ಬೆರೆಯದ, ನೂರಕ್ಕೆ ನೂರು ಸುಳ್ಳು. ತೆಲುಗಿನ 'ಪಚ್ಚಿ ಅಬದ್ಧಂ' ಕೂಡ ಹೀಗೆಯೇ. ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರ ತಮ್ಮ ಪ್ರಸಿದ್ಧ ಕೃತಿಯಲ್ಲಿ 'ವಿಚಾರಗಳು ಆಹಾರ' ಎಂಬ ರೂಪಕವನ್ನು ಸ್ಥಾಪಿಸುವಾಗ ಹಸಿ ಸಂಗತಿ, ಅರೆಬೆಂದ ವಿಚಾರ, ಮತ್ತೆ ಬಿಸಿಮಾಡಿದ ಸಿದ್ಧಾಂತಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಇಂಗ್ಲಿಷಿಗೆ ಆ ಸಾಲು ಒಪ್ಪುತ್ತದೆ. ದ್ರಾವಿಡ ಭಾಷೆಗಳಲ್ಲಿ 'ಹಸಿ' ಆ ಸಾಲಿನಿಂದ ಜಾರಿ, ಅಪೂರ್ಣತೆಯ ಬದಲು ಕಲಬೆರಕೆಯಿಲ್ಲದ ಪೂರ್ಣತೆಯನ್ನು ಹೇಳುತ್ತದೆ. ಮೂಲವಲಯ ಒಂದೇ ಆಗಿದ್ದರೂ ಅದರಿಂದ ಯಾವ ಗುಣವನ್ನು ಆಯ್ದುಕೊಳ್ಳಬೇಕೆಂಬುದನ್ನು ಆಯಾ ಭಾಷೆಯೇ ನಿರ್ಧರಿಸುತ್ತದೆ.

ಹಾಗಾದರೆ 'ಸೊಲ್-' ಪ್ರತ್ಯಯದ ಕೆಲಸವನ್ನು ಕನ್ನಡದಲ್ಲಿ ಯಾವುದು ಮಾಡುತ್ತದೆ? ಒಂದು ಪದವಲ್ಲ, ಒಂದು ರಚನೆ. ಬೆಂದೂ ಬೇಯದ ಅನ್ನ, ಒಣಗಿಯೂ ಒಣಗದ ಬಟ್ಟೆ, ಅರಳಿಯೂ ಅರಳದ ಮೊಗ್ಗು: ಭೂತಕೃದಂತಕ್ಕೆ 'ಊ' ಸೇರಿಸಿ, ಅದೇ ಧಾತುವಿನ ನಿಷೇಧ ಕೃದಂತವನ್ನು ಮುಂದಿಟ್ಟರೆ ಪ್ರಕ್ರಿಯೆ ನಡೆದಿದೆ, ಆದರೆ ಗುರಿ ಮುಟ್ಟಿಲ್ಲ ಎಂಬ ಅರ್ಥ ಹೊರಡುತ್ತದೆ. ತೆಲುಗಿನ 'ಉಡಿಕೀ ಉಡಕನಿ' ಇದರ ಜೋಡಿ. 'ಕೇಳಿಯೂ ಕೇಳದಂತೆ' ಎಂಬಲ್ಲಿ ನಟನೆಯ ಅರ್ಥ ಬರುವುದು ರಚನೆಯಿಂದಲ್ಲ, 'ಅಂತೆ'ಯಿಂದ. ಪದಕ್ಕೆ ಪದವನ್ನು ಎದುರಿಟ್ಟು ಹುಡುಕುವವರಿಗೆ ಈ ರಚನೆ ಕಾಣುವುದಿಲ್ಲ. ಅನುವಾದಕ್ಕೆ ಒಗ್ಗದು ಎಂಬ ತೀರ್ಪು ಹುಟ್ಟುವುದು ಇಂಥಲ್ಲೇ.

4. ಮೂರು ತಾಲ್ಲೂಕುಗಳ ಸಾಕ್ಷ್ಯ

ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳು ಒಂದೇ ಭಾಷೆಯ ನೆಲವಾಗಿ ಇದ್ದದ್ದು ಕಡಿಮೆ. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೇಳುವ ಶಾಸನ ಪ್ರಾಕೃತದ್ದು. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಇಲ್ಲಿಯ ಆಡಳಿತದ ಭಾಷೆ ಉರ್ದು. ಕನ್ನಡ ಆ ಸ್ಥಾನಕ್ಕೆ ಬಂದದ್ದು 1956ರ ಏಕೀಕರಣದ ತರುವಾಯ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಕರಾವಳಿ ಆಂಧ್ರದ ರೈತ ಕುಟುಂಬಗಳು ಬಂದು ನೆಲೆಸಿದವು. 'ಕ್ಯಾಂಪು' ಎಂಬುದು ಊರ ಹೆಸರಿನ ಅಂಗವೇ ಆಯಿತು. ಸಿಂಧನೂರಿನ ಸುತ್ತ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಪುನರ್ವಸತಿ ಕ್ಯಾಂಪುಗಳಿವೆ. ದಖನಿ ಮಾತಾಡುವ ಓಣಿಗಳು, ಲಂಬಾಣಿ ತಾಂಡಾಗಳು ಇದರೊಂದಿಗೆ ಸೇರುತ್ತವೆ.

ಇಂಥ ಕಡೆ ಬೇಯುವಿಕೆಯ ಪದಗಳು ಒಂದರ ಪಕ್ಕದಲ್ಲಿ ಒಂದು ಕುಳಿತಿರುತ್ತವೆ. ಉರ್ದು ಆಡಳಿತದ ದಾರಿಯಲ್ಲಿ ಬೇರೂರಿದ 'ಕಚ್ಚಾ-ಪಕ್ಕಾ' ಜೋಡಿ ರಸ್ತೆಗೂ ರಸೀದಿಗೂ ಲೆಕ್ಕಕ್ಕೂ ಮಾತಿಗೂ ಹತ್ತುತ್ತದೆ. 'ಪಕ್ಕಾ' ಬೇರೇನಲ್ಲ, ಪ್ರಾಕೃತದ ಮೂಲಕ ಇಳಿದುಬಂದ 'ಪಕ್ವ'ವೇ. ಒಂದೇ ಪದ ಕನ್ನಡಕ್ಕೆ ಎರಡು ಬಾಗಿಲಿನಿಂದ ಬಂದಿದೆ. ಪುಸ್ತಕದ ಬಾಗಿಲಿನಿಂದ ಬಂದದ್ದು ಹಣ್ಣಿನ ನೆನಪನ್ನು ಉಳಿಸಿಕೊಂಡಿದೆ. ಕಚೇರಿಯ ಬಾಗಿಲಿನಿಂದ ಬಂದದ್ದು ಒಲೆಯನ್ನೂ ಹಣ್ಣನ್ನೂ ಮರೆತಿದೆ. ದಖನಿಯವರ 'ಕಚ್ಚಿ ನೀಂದ್', ಬಂಗಾಳಿಯ 'ಕಾಂಚಾ ಘುಮ್' ಎರಡೂ ಗಾಢವಾಗದ ನಿದ್ದೆಯನ್ನು ಹಸಿಯೆಂದು ಕರೆಯುತ್ತವೆ. ಬಂಗಾಳಿಯಲ್ಲಿ ಪಳಗದ ಕೈಯೂ 'ಕಾಂಚಾ' ಕೈಯೇ. ಅನ್ನ, ನಿದ್ದೆ, ಅಭ್ಯಾಸ ಈ ಮೂರನ್ನೂ ಒಂದೆಡೆ ತರುವ ಕೊರಿಯನ್ ಜೋಡಣೆಗೆ ಸಾದೃಶ್ಯ ಬೇಕೆಂದವರು ದೂರ ಹೋಗಬೇಕಿಲ್ಲ. ಸಿಂಧನೂರಿನ ಸಂತೆಗೆ ಹೋದರೂ ಸಾಕು. ಆದರೆ ಅದು ಅಲ್ಲಿಯ ಕನ್ನಡದಲ್ಲಿ ಅಷ್ಟಾಗಿ ಸಿಗದು, ಕನ್ನಡದ ಪಕ್ಕದ ನುಡಿಗಳಲ್ಲಿ ಸಿಗುತ್ತದೆ.

5. ನುಡಿಯ ಮೇಲೆ ಹೊರಿಸಿದ ರೂಪಕ

ಇಲ್ಲಿಯವರೆಗಿನ ಚರ್ಚೆ ಅರ್ಥವಿಜ್ಞಾನದ್ದು. ಅದು ಏಕೆ ಮುಖ್ಯವೆಂದರೆ, ಕ್ಯಾಂಪಿನ ಮತ್ತು ತಾಂಡಾದ ಮಕ್ಕಳ ಕನ್ನಡವನ್ನು 'ಹಸಿಬಿಸಿ', 'ಅರೆಬರೆ', 'ಅರೆಬೆಂದ' ಎಂದು ಕರೆಯುವ ಮಾತು ಈ ಭಾಗದ ಶಾಲೆಗಳ ಪಡಸಾಲೆಗಳಲ್ಲಿ ಕೇಳಿಬರುತ್ತದೆ. ಹಾಗೆ ಹೇಳುವವರ ಮನೆಮಾತಿನ 'ಮನಿ', 'ಮಾಡಾಕತ್ತಾನ' ಎಂಬ ರೂಪಗಳನ್ನು ದಕ್ಷಿಣದ ಶಿಷ್ಟ ಕನ್ನಡ ಇದೇ ತಕ್ಕಡಿಯಲ್ಲಿ ತೂಗಿದ್ದುಂಟು. ಪದಾಂತ್ಯದ ಎಕಾರ ಇಕಾರವಾಗುವುದು ನಿಯಮಬದ್ಧ ಧ್ವನಿಬದಲಾವಣೆ. ಬಂಗಾಳಿ ಮನೆಮಾತಿನ ಮಗು 'ಬೇಳೆ'ಯನ್ನು 'ಬೇಲೆ' ಎಂದರೆ ಅದೂ ನಿಯಮಬದ್ಧವೇ, ಏಕೆಂದರೆ ಬಂಗಾಳಿಯಲ್ಲಿ ಳಕಾರವಿಲ್ಲ. ಎರಡರಲ್ಲಿಯೂ ಬೇಯದೆ ಉಳಿದದ್ದು ಏನೂ ಇಲ್ಲ.

ಈ ತೀರ್ಪಿಗೆ ಭಾಷಾಶಾಸ್ತ್ರವೂ ಕೈಜೋಡಿಸಿದ ಇತಿಹಾಸವಿದೆ. ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ 1927ರ ಲೇಖನವೊಂದರಲ್ಲಿ ಮೆನಾಮಿನಿ ಸಮುದಾಯದ ಒಬ್ಬ ವ್ಯಕ್ತಿಯನ್ನು ಯಾವ ಭಾಷೆಯನ್ನೂ ಸಹ್ಯವಾಗಿ ಆಡಲಾರದವನೆಂದು ಬಣ್ಣಿಸಿದರು. ಸ್ವೀಡನ್ನಿನಲ್ಲಿ ನಿಲ್ಸ್ ಎರಿಕ್ ಹಾನ್ಸೆಗೋರ್ಡ್ 1968ರ ತಮ್ಮ ಪುಸ್ತಕದ ಶೀರ್ಷಿಕೆಯಲ್ಲಿಯೇ ದ್ವಿಭಾಷಿಕತೆಗೆ ಎದುರಾಗಿ 'ಅರೆಭಾಷಿಕತೆ'ಯನ್ನು ನಿಲ್ಲಿಸಿದರು. ಸ್ಕುಟ್ನಬ್-ಕಾಂಗಸ್ ಮತ್ತು ತೌಕೊಮಾ 1976ರಲ್ಲಿ ಫಿನ್ನಿಷ್ ವಲಸಿಗ ಮಕ್ಕಳ ಸಂದರ್ಭದಲ್ಲಿ ಆ ಪರಿಭಾಷೆಯನ್ನು ಮುಂದುವರಿಸಿದರು. ಅವರ ಉದ್ದೇಶ ಮಕ್ಕಳ ತಾಯ್ನುಡಿ ಶಿಕ್ಷಣದ ಪರವಾಗಿತ್ತೆಂಬುದನ್ನು ಮರೆಯಬಾರದು. ಆದರೆ ಪರಿಭಾಷೆ ಉದ್ದೇಶವನ್ನು ಮೀರಿ ಓಡಾಡುತ್ತದೆ. ಮಾರ್ಟಿನ್-ಜೋನ್ಸ್ ಮತ್ತು ರೊಮೇನ್ 1986ರಲ್ಲಿ ಇದನ್ನು ಖಂಡಿಸುತ್ತ, ಅರೆಬೆಂದದ್ದು ಮಕ್ಕಳ ನುಡಿಯಲ್ಲ, ಈ ಸಿದ್ಧಾಂತವೇ ಎಂಬ ಧ್ವನಿಯ ಶೀರ್ಷಿಕೆ ಕೊಟ್ಟರು. ನಾವು ಆ ಖಂಡನೆಯನ್ನು ಒಪ್ಪುತ್ತೇವೆ. ಆದರೆ ಅದು ರೂಪಕವನ್ನು ತಿರುಗಿಸಿತೇ ಹೊರತು ಪರೀಕ್ಷಿಸಲಿಲ್ಲ ಎಂಬ ಕೊರತೆಯನ್ನೂ ಕಾಣುತ್ತೇವೆ.

ಪರೀಕ್ಷೆಗೆ ಕನ್ನಡದ ಅಡುಗೆಮನೆಯ ಗಾದೆಯೇ ಸಾಕು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಆಯಿತು ಎನ್ನುತ್ತೇವೆ. ಈ ತರ್ಕ ಸಲ್ಲುವುದು ಎಲ್ಲ ಅಗುಳುಗಳೂ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ, ಒಂದೇ ಹೊತ್ತು ಇದ್ದಾಗ. ಸಿಂಧನೂರಿನ ಕ್ಯಾಂಪಿನ ಮಗು ದೇವರ ಕೋಣೆಯ, ಅಜ್ಜಿಯ ಕತೆಯ ಪದಗಳನ್ನು ಬಂಗಾಳಿಯಲ್ಲಿ, ಗದ್ದೆಯ ಪದಗಳನ್ನು ತೆಲುಗು ಬೆರೆತ ಕನ್ನಡದಲ್ಲಿ, ಅಂಗಡಿಯ ಪದಗಳನ್ನು ದಖನಿಯಲ್ಲಿ, ಗಣಿತದ ಪದಗಳನ್ನು ಶಾಲೆಯ ಕನ್ನಡದಲ್ಲಿ ಪಡೆದಿರುತ್ತದೆ ಎಂದಿಟ್ಟುಕೊಳ್ಳೋಣ. ಇಲ್ಲಿ ಇರುವುದು ಒಂದು ಪಾತ್ರೆಯಲ್ಲ. ಶಾಲೆಯ ಪಾತ್ರೆಯಿಂದ ಒಂದು ಅಗುಳು ತೆಗೆದು, ಮಗುವಿನ ನುಡಿಯೆಲ್ಲ ಅರೆಬೆಂದಿದೆ ಎನ್ನುವುದು ಮಾದರಿಯ ಆಯ್ಕೆಯಲ್ಲಿಯೇ ಆದ ತಪ್ಪು.

'ಅರೆಬೆಂದ' ಎಂಬುದರ ಬದಲು 'ಇನ್ನೂ ಬೆಂದಿಲ್ಲ' ಎನ್ನಬಹುದಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಕೊಡಬೇಕು. ವ್ಯಾಕರಣದ ದೃಷ್ಟಿಯಿಂದ ವ್ಯತ್ಯಾಸ ದೊಡ್ಡದು. 'ಅರೆಬೆಂದ' ಎಂಬ ವಿಶೇಷಣ ಸ್ಥಿತಿಯನ್ನು ಗುಣವಾಗಿ ಹೆಪ್ಪುಗಟ್ಟಿಸುತ್ತದೆ, 'ಇನ್ನೂ' ಪಾತ್ರೆಯನ್ನು ಒಲೆಯ ಮೇಲೆಯೇ ಇಡುತ್ತದೆ. ಶಾಲೆಯ ಬರವಣಿಗೆಯಂಥ ಗುರಿ ನಿಗದಿಯಾದ ಕೌಶಲಕ್ಕೆ 'ಇನ್ನೂ' ನ್ಯಾಯವಾದ ಮಾತು. ಅಲ್ಲಿ ಮಗು ಕಲಿಯಬೇಕಾದದ್ದಿದೆ, ಕಲಿಸಬೇಕಾದ ಹೊಣೆಯೂ ಇದೆ. ಆಡುನುಡಿಗೆ ಅದೂ ಸಲ್ಲದು, ಏಕೆಂದರೆ ಆಡುನುಡಿ ತಲುಪಬೇಕಾದ ಒಂದೇ ಹದ ಎಂಬುದಿಲ್ಲ.

6. ಉಪಸಂಹಾರ

ನಮ್ಮ ವಾದದಿಂದ ಎರಡು ಸೂಚನೆಗಳು ಹೊರಡುತ್ತವೆ. ನಿಘಂಟುಕಾರರು 'ಅರೆ-' ನಮೂದಿನಲ್ಲಿ ಅಳತೆಯ ಮತ್ತು ಕೊರತೆಯ ಬಳಕೆಗಳನ್ನು ಬೇರ್ಪಡಿಸಬೇಕು; 'ಬೆಂದೂ ಬೇಯದ' ಮಾದರಿಯ ರಚನೆಗಳಿಗೆ ಪ್ರತ್ಯೇಕ ನಮೂದು ಕೊಡಬೇಕು. ಬಹುಭಾಷಿಕ ಮಕ್ಕಳ ನುಡಿಯನ್ನು ಅಳೆಯುವವರು ಯಾವ ಕ್ಷೇತ್ರದ ಪದಗಳನ್ನು ಯಾವ ಭಾಷೆಯಲ್ಲಿ ಕೇಳಿದೆವು ಎಂಬುದನ್ನು ಅಂಕದ ಪಕ್ಕದಲ್ಲಿಯೇ ಬರೆಯಬೇಕು. ಮಗು ಒಂದು ಪದವನ್ನು ಕನ್ನಡದಲ್ಲಿ ಹೇಳಲಾರದೆ ಬಂಗಾಳಿಯಲ್ಲಿ ಹೇಳಿದರೆ, ಆ ಉತ್ತರಕ್ಕೆ ಈಗ ಸಿಗುವುದು ಸೊನ್ನೆ. ಮೊದಲು ಬದಲಾಗಬೇಕಾದದ್ದು ಆ ಸೊನ್ನೆ.