ಕಾಯ್ದೆಯೊಳಗಿನ ಅವ್ವ

ಈಚೆಗೆ ನಾನು ಒಂದು ಕಾಯ್ದೆಯನ್ನು ಕತೆ ಓದುವ ಹಾಗೆ ಓದಿದೆ. ಕರ್ನಾಟಕ ದೇವದಾಸಿ (ಸಮರ್ಪಣೆ ನಿಷೇಧ) ಕಾಯ್ದೆ, 1982. ಇದೂ ಸಾಹಿತ್ಯವೇ ಎಂದು ನನ್ನ ಮಾರ್ಗದರ್ಶಕರು ಹುಬ್ಬೇರಿಸಿದರು. ಆದರೆ ನಮ್ಮ ಶಿರೋಳಕ್ಕೆ ಸವದತ್ತಿಯ ಎಲ್ಲಮ್ಮನ ಗುಡ್ಡ ದೂರವಲ್ಲ. ಭರತ ಹುಣ್ಣಿಮೆಗೆ ಚಕ್ಕಡಿ ಹೂಡಿಕೊಂಡು ಹೋಗಿಬರುತ್ತಿದ್ದ ನಮ್ಮಜ್ಜಿಯನ್ನು ಕೇಳಿದರೆ, “ಮುತ್ತು ಕಟ್ಟೂದು ಎಲ್ಲಿ ನಿಂತೈತಿ ಯವ್ವಾ, ಚೌಡಿಕಿ ಬಾರಿಸೂದಷ್ಟ ನಿಂತೈತಿ” ಅಂದಳು.

ಕಾಯ್ದೆಯ ವಾಕ್ಯಗಳಲ್ಲಿ ಹೆಣ್ಣು ಹೆಚ್ಚಾಗಿ ಕರ್ಮಪದ. ಆಕೆಯ ಒಪ್ಪಿಗೆ ಇರಲಿ, ಇಲ್ಲದಿರಲಿ, ಸಮರ್ಪಣೆ ಅಪರಾಧ. ಅದು ಸರಿಯೇ. ನಾನು ತಡೆದು ನಿಂತದ್ದು ಶಿಕ್ಷೆಯ ಕಲಮಿನಲ್ಲಿ. ಮುತ್ತು ಕಟ್ಟಿಸಿದವರಿಗೆ 3 ವರ್ಷದವರೆಗೆ ಸೆರೆ ಇತ್ತು. ಕಟ್ಟಿಸಿದವರು ಹೆತ್ತವರೋ ಪೋಷಕರೋ ಬಂಧುಗಳೋ ಆಗಿದ್ದರೆ 5 ವರ್ಷದವರೆಗೆ, 2ಕ್ಕೆ ಕಡಿಮೆಯಿರಲಿಲ್ಲ. ಹಾಗಾದರೆ ಈ ಕತೆಯಲ್ಲಿ ಫಿರ್ಯಾದಿ ಯಾರು? ಹತ್ತು ವರ್ಷದ ಹುಡುಗಿ ಠಾಣೆಯ ಮೆಟ್ಟಿಲೇರಿ ಅವ್ವನ ಹೆಸರು ಹೇಳಬೇಕು. ಮುಂದೆ ಆಕೆಯನ್ನು ಮುಂಬಯಿಗೋ ಪುಣೆಗೋ ಸಾಗಿಸುವ ದಲ್ಲಾಳಿ ಬೇರೆಯೇ ಪುಸ್ತಕದ ಪಾತ್ರ; ಅವನಿಗೆ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಇದೆ. ಹರಕೆ ಒಂದು ಕಡತದಲ್ಲಿ, ಸಾಗಣೆ ಇನ್ನೊಂದರಲ್ಲಿ.

ಕಡತಗಳು ಮುಟ್ಟದ ಈ ಜಾಗಕ್ಕೆ, ಅಂದರೆ ಅಡುಗೆಮನೆಗೆ, ಹೋದವರು ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿಯರು. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡಾ ಸಂಸ್ಥೆಯ ನೆರವಿನಿಂದ ಸಂಘ ಕಟ್ಟಿಕೊಂಡ ಅವರು 1997ರಲ್ಲಿ ‘ಮಾಸ್’ ಎಂಬ ತಮ್ಮದೇ ಸಂಸ್ಥೆ ಮಾಡಿಕೊಂಡರು. ತಾವೂ ಮುತ್ತು ಕಟ್ಟಿಸಿಕೊಂಡವರಾದ್ದರಿಂದ ತಾಯಂದಿರ ಜೊತೆ ಕೂತು ಮಾತಾಡಬಲ್ಲವರಾಗಿದ್ದರು. ಮಾತು ಸಾಲದಿದ್ದಲ್ಲಿ ಪೊಲೀಸರನ್ನು ಕರೆಯುತ್ತಿದ್ದರು. ಏಳನೇ ವಯಸ್ಸಿಗೇ ದೇವಿಗೆ ಬಿಡಲ್ಪಟ್ಟ ಸೀತವ್ವ ಜೋಡಟ್ಟಿ ಇದನ್ನು ಮುನ್ನಡೆಸಿ 2018ರಲ್ಲಿ ಪದ್ಮಶ್ರೀ ಪಡೆದರು. ನಾವು ಆ ಕತೆಯನ್ನು ಒಬ್ಬ ಧೀರೆಯ ಕತೆಯಾಗಿ ಹೇಳಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಸಂಘದ ನೂರಾರು ಹೆಂಗಸರೂ ನಿಗಮದ ಕಚೇರಿಯೂ ಅದರಲ್ಲಿ ಕಾಣೆಯಾಗುತ್ತಾರೆ.

ಸರಕಾರದ ಪಾಲಿನ ಬರಹವೆಂದರೆ ಪಟ್ಟಿ. 1993–94 ಮತ್ತು 2007–08ರ ಸಮೀಕ್ಷೆಗಳು ಸೇರಿ 46,660 ಹೆಸರು. ಪಿಂಚಣಿಗೆ ಈ ಪಟ್ಟಿಯೇ ಆಧಾರವಾಗಿತ್ತು. ಆದರೆ ಕಾಯ್ದೆ ಬಂದ ಮೇಲೆ ಮುತ್ತು ಕಟ್ಟಿಸಿಕೊಂಡವಳು ಅಲ್ಲಿ ಹೆಸರು ಬರೆಸುವುದೆಂದರೆ, ಅದೇ ಸಾಲಿನಲ್ಲಿ ಅವ್ವನ ಅಪರಾಧವನ್ನೂ ಬರೆಸಿದಂತೆ. ಇದನ್ನು ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಯಾರ ಬರಸ್ತಾರ?” ಎಂದಳು.