‘ಮತ್ತು ಸಂಗಡಿಗರು’

ಕ್ಯಾಮೆರಾಕ್ಕೆ ಜಾತಿ ಇಲ್ಲ ಅನ್ನೋ ಮಾತನ್ನು ನಾವು ನಂಬುವುದಿಲ್ಲ. ಅದನ್ನು ಹಿಡಿದವನು ಎಲ್ಲಿ ನಿಂತ, ಯಾರ ಕಡೆ ತಿರುಗಿಸಿದ, ಯಾರಿಗೆ ‘ಸ್ವಲ್ಪ ಸರೀರಿ’ ಅಂದ ಎಂಬುದರ ಮೇಲೆಯೇ ಚಿತ್ರದ ಸತ್ಯ ನಿಂತಿರುತ್ತದೆ.

ನಮ್ಮ ಅಗಡಿಯ ಸುತ್ತಿನ ಸ್ಮಾರಕಗಳನ್ನೇ ನೋಡ್ರಿ. ಅಗಡಿಗೆ ಬಂದವರು ಆನಂದವನದ ಫೋಟೊ ತೆಗೀತಾರ. ಹಾವೇರಿಯಲ್ಲಿ ಸಿದ್ಧೇಶ್ವರ ಗುಡಿ, ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರದಲ್ಲಿ ಮುಕ್ತೇಶ್ವರ ಗುಡಿ. ಮುಕ್ತೇಶ್ವರದ ಕೆತ್ತನೆ ಚೆಂದ ಐತಿ, ತಕರಾರಿಲ್ಲ. ಆದರೆ ಆ ಊರಿನ ಹೆಸರಲ್ಲಿ ಇರುವವನು ರಾಜನಲ್ಲ. ದೋಣಿ ನಡೆಸಿದ ಅಂಬಿಗರ ಚೌಡಯ್ಯ. ಹನ್ನೆರಡನೆಯ ಶತಮಾನದಲ್ಲಿ ಡಾಂಭಿಕರ ಮುಖಕ್ಕೆ ಹೊಡೆದಂತೆ ಮಾತಾಡಿದ ವಚನಕಾರ. ಅವನ ಗದ್ದುಗೆ ತುಂಗಭದ್ರೆಯ ದಂಡೆಯಲ್ಲಿದೆ. ಹೊಳೆ ತುಂಬಿದರೆ ನೀರು ಅಲ್ಲಿಗೇ ಬರುತ್ತದೆ. ಗುಡಿಯ ಮುಂದೆ ಹತ್ತು ಫೋಟೊ ತೆಗೆದವರು ಗದ್ದುಗೆಯ ಕಡೆ ತಿರುಗಿ ನೋಡದೆ ಬಸ್ಸು ಹತ್ತುತ್ತಾರೆ.

ಎಂಟು ಶತಮಾನದ ಹಿಂದಿನ ಮಾತು ಬಿಡ್ರಿ, ನಿನ್ನೆ ಮೊನ್ನೆಯದು ನೋಡೋಣ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬ್ರಿಟಿಷ್ ಸರಕಾರದ ಕಂದಾಯದ ಹಣದ ಮೇಲೆ ದಾಳಿ ಮಾಡಿದವರಲ್ಲಿ ಮೂವರು ಪೊಲೀಸರ ಗುಂಡಿಗೆ ಬಿದ್ದರು. ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮಹಾದೇವಪ್ಪ 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದವರು. ಅವರ ಫೋಟೊ ಎಲ್ಲ ಕಡೆ ಇದೆ, ಹಾವೇರಿಯ ರೈಲು ನಿಲ್ದಾಣಕ್ಕೆ ಅವರ ಹೆಸರಿದೆ. ಇರಲೇಬೇಕು. ಉಳಿದಿಬ್ಬರು ಏನಾದರು? ಚಿತ್ರದ ಕೆಳಗೆ ‘ಮತ್ತು ಸಂಗಡಿಗರು’ ಆದರು. ಒಂದೇ ದಿನ, ಒಂದೇ ಸರಕಾರದ ಗುಂಡು. ನೆನಪಿನಲ್ಲಿ ಮಾತ್ರ ಮೇಲು ಕೀಳು.

ಹಿರೇಮಠರ ಹೆಸರೂ ಮರೆತಿದೆಯಲ್ಲ, ಇದರಲ್ಲಿ ಜಾತಿ ಎಲ್ಲಿ ಬಂತು ಎಂದು ಯಾರಾದರೂ ಕೇಳಿಯಾರು. ನ್ಯಾಯವಾದ ಪ್ರಶ್ನೆ. ಒಬ್ಬನೇ ನಾಯಕ, ಉಳಿದವರೆಲ್ಲ ಹಿಂಬಾಲಕರು ಅನ್ನೋ ಚಟ ಎಲ್ಲರನ್ನೂ ನುಂಗುತ್ತದೆ. ಆದರೆ ಕಸುಬನ್ನೇ ಹೆಸರಲ್ಲಿ ಹೊತ್ತ ಮಡಿವಾಳರನ್ನು, ಅಂಬಿಗರನ್ನು ನುಂಗಿದಾಗ ಯಾರೂ ಕೇಳೋದಿಲ್ಲ. ಯಾಕಂದ್ರೆ ಅವರು ಬಟ್ಟೆ ಒಗೆಯಲು, ಹೊಳೆ ದಾಟಿಸಲು ಇರುವವರು, ಇತಿಹಾಸ ಮಾಡಲು ಅಲ್ಲ ಎಂದು ಸಮಾಜ ಮೊದಲೇ ತೀರ್ಮಾನಿಸಿದೆ.

ನಾವೇನು ಸಾಚಾ ಅಲ್ಲ. ನಮ್ಮ ಭಾಷಣಗಳಲ್ಲೂ ಈ ‘ಸಂಗಡಿಗರು’ ನುಸುಳಿದ್ದಾರೆ. ಉಸಿರು ಉಳಿಸಲು ಎರಡು ಹೆಸರು ನುಂಗಿದ್ದೇವೆ.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೇಳಿಕೆ. ಮಕ್ಕಳನ್ನು ಸ್ಮಾರಕಕ್ಕೆ ಕರಕೊಂಡು ಹೋದಾಗ ಮೊಬೈಲು ಆಮೇಲೆ ತೆಗೆಯಿರಿ. ಮೊದಲು ಮೂರೂ ಹೆಸರನ್ನು ಮಕ್ಕಳಿಂದಲೇ ಗಟ್ಟಿಯಾಗಿ ಹೇಳಿಸಿರಿ. ಕೇರಿಯ ಮುದುಕರ ಹತ್ತಿರ ಕೂತು, ಅವರಪ್ಪ ಅವರವ್ವ ಏನು ಹೇಳ್ತಿದ್ದರು ಕೇಳಿ ಬರಕೊಳ್ಳಿರಿ. ಒಪ್ಪಿದರೆ ಅವರ ಫೋಟೊನೂ ತೆಗೆಯಿರಿ, ಕೆಳಗೆ ಪೂರ್ತಿ ಹೆಸರು ಬರೆಯಿರಿ. ‘ಮತ್ತು ಇತರರು’ ಅಂತ ಮಾತ್ರ ಬರೀಬ್ಯಾಡ್ರಿ.