ಗುರು ಮುನಿದರೆ ಕಾಯೋರ್ಯಾರು?

ಪಿಎಚ್‌ಡಿ ಮಾಡ್ತಿರೋ ಗೆಳೆಯರನ್ನ ‘ಎಲ್ಲಿಗೆ ಬಂತು?’ ಅಂತ ಕೇಳಿ ನೋಡಿ. ಥೀಸಿಸ್‌ಗಿಂತ ಮೊದಲು ಗೈಡ್ ಮಾತು ಬರುತ್ತೆ. ಅವರ ಮೂಡು, ಅವರ ರಜೆ, ಅವರ ಸಹಿ.

ಯುಜಿಸಿಯ 2022ರ ನಿಯಮದ ಪ್ರಕಾರ ಪ್ರತಿ ವಿದ್ಯಾರ್ಥಿಗೂ ಒಂದು ಸಂಶೋಧನಾ ಸಲಹಾ ಸಮಿತಿ ಇರಬೇಕು, ಪ್ರತಿ ಸೆಮಿಸ್ಟರ್ ಅದರ ಮುಂದೆ ಪ್ರಗತಿ ಮಂಡಿಸಬೇಕು. ಒಳ್ಳೇದೇ. ಆದರೆ ಸಮಿತಿಯ ಸಂಚಾಲಕರು ಯಾರು? ಅದೇ ಗೈಡ್! ಊರಲ್ಲಿ ಯಾರ ಮೇಲೆ ದೂರಿದೆಯೋ ಅವರೇ ಪಂಚಾಯ್ತಿ ಕರೆದ ಹಾಗೆ. ಗೈಡ್‌ನಿಂದಲೇ ಕಷ್ಟವಾದರೆ ವಿದ್ಯಾರ್ಥಿ ಅಲ್ಲಿ ಬಾಯಿ ಬಿಡ್ತಾನಾ? ನಮ್ಮ ಕೆಲಸದಲ್ಲಿ ಹತ್ತು ಸಾಲಿನ ಕೋಡಿಗೂ ಬೇರೆಯವರ ರಿವ್ಯೂ ಬೇಕು.

ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಮುಖ್ಯ ಮಾರ್ಗದರ್ಶಕರ ಜೊತೆ ಇನ್ನೊಬ್ಬರಾದರೂ ಇರೋದು ರೂಢಿ. ಒಬ್ಬರು ಕೆಲಸ ಬಿಟ್ಟು ಹೋದರೂ ವಿಷಯ ಗೊತ್ತಿರೋರು ಇನ್ನೊಬ್ಬರು ಉಳೀತಾರೆ. ತಂಡದಲ್ಲೂ ತಾಪತ್ರಯ ಇದ್ದದ್ದೇ: ಒಬ್ಬರು ಸೇರಿಸು ಅಂದಿದ್ದನ್ನ ಇನ್ನೊಬ್ಬರು ತೆಗಿ ಅಂತಾರೆ. ಅದಕ್ಕೇ ಕೊನೆಯ ಮಾತು ಯಾರದು ಅಂತ ಮೊದಲೇ ಬರೆದಿಡಬೇಕು.

ನಮಗೆ ಇನ್ನೊಂದು ಸಮಿತಿ ಬೇಡ. ಇರೋದನ್ನ ಗೈಡ್ ಬಿಟ್ಟು ಬೇರೆಯವರು ನಡೆಸಲಿ, ಸದಸ್ಯರು ಅಧ್ಯಾಯ ಓದ್ಕೊಂಡು ಬರಲಿ, ಗೈಡ್ ಹೊರಗಿರುವಾಗ ವಿದ್ಯಾರ್ಥಿಗೆ ಹತ್ತು ನಿಮಿಷ ಮಾತಾಡೋಕೆ ಬಿಡಲಿ. ಐದಾರು ವರ್ಷದ ಆಯುಷ್ಯವನ್ನ ಒಬ್ಬರ ಸಹಿಗೆ ನೇತುಹಾಕೋದು ತುಂಬಾ ದುಬಾರಿ.